ಕಂಪ್ಯೂಟರ್ ಏಳುತ್ತಿಲ್ಲ, ಒಳಗಿನ ಫೈಲ್ ಹೊರಗೆ ತರೋದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಊರು ಸಾಗರದ ಹತ್ತಿರ. ಮನೆಯಲ್ಲಿ ಎಂಟು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ, ವಿಂಡೋಸ್ 10. ಕಳೆದ ವಾರ ಗುಡುಗು ಮಳೆಯ ರಾತ್ರಿ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಮರುದಿನದಿಂದ ಆನ್ ಮಾಡಿದರೆ 'ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್' ಅಂತ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಒಂದು ನೀಲಿ ಪರದೆ ಬರುತ್ತದೆ, ಮತ್ತೆ ಮೊದಲಿಂದ ಶುರು. ದಿನಕ್ಕೆ ಹತ್ತು ಸಲ ಆನ್ ಮಾಡಿ ನೋಡುತ್ತಿದ್ದೇನೆ. ಪೇಟೆಯ ಅಂಗಡಿ ಹುಡುಗ 'ಫಾರ್ಮ್ಯಾಟ್ ಹೊಡೀಬೇಕು ಸರ್, ಡೇಟಾ ಗ್ಯಾರಂಟಿ ಕೊಡಲ್ಲ' ಅಂದ. ಒಳಗೆ ಮಗಳ ಮದುವೆಯ ಫೋಟೋ ಇವೆ, ನಮ್ಮ ಸೊಸೈಟಿಯ ಟ್ಯಾಲಿ ಲೆಕ್ಕ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ತಂದೆಯವರು ಕೈಯಲ್ಲಿ ಬರೆದಿದ್ದ ಯಕ್ಷಗಾನ ಪ್ರಸಂಗಗಳನ್ನು ಎರಡು ವರ್ಷ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ. ಮಗನ ಹಳೆಯ ಲ್ಯಾಪ್‌ಟಾಪ್ ಒಂದು ಮನೆಯಲ್ಲಿದೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಹೋಗಿ ಆ ಕಂಪ್ಯೂಟರಿನ ಪ್ಲಗ್ ಕಿತ್ತಿಡಿ. ಆಮೇಲೆ ಬಂದು ಉಳಿದದ್ದು ಓದಿ.

ದಿನಕ್ಕೆ ಹತ್ತು ಸಲ ಆನ್ ಮಾಡುವುದನ್ನು ಇವತ್ತಿಗೆ ನಿಲ್ಲಿಸಿ. ಯಾಕೆ ಅಂದರೆ ವಿಂಡೋಸ್ ಏಳಲು ಹೆಣಗುವಾಗ ಸುಮ್ಮನೆ ಕೂತಿರುವುದಿಲ್ಲ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲು ಪ್ರತಿ ಸಲವೂ ಡಿಸ್ಕಿನ ಮೇಲೆ ಏನಾದರೂ ಬರೆಯುತ್ತದೆ. ಡಿಸ್ಕ್ ಗಟ್ಟಿಯಾಗಿದ್ದರೆ ಪರವಾಗಿಲ್ಲ. ಅದೇನಾದರೂ ಕೊನೆಯುಸಿರು ಎಳೆಯುತ್ತಿದ್ದರೆ ಇನ್ನೆಷ್ಟು ಸಲ ತಿರುಗುತ್ತದೋ ಯಾರಿಗೆ ಗೊತ್ತು, ಆ ತಿರುಗುವಿಕೆಯನ್ನು ಫೈಲ್ ತೆಗೆಯುವುದಕ್ಕೆ ಉಳಿಸಿಕೊಳ್ಳೋಣ.

ಈಗ ಸಮಾಧಾನದ ಮಾತು. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಫೈಲ್‌ಗಳು ಇದ್ದಲ್ಲೇ ಇರುವ ಸಾಧ್ಯತೆ ಜಾಸ್ತಿ. ಪರದೆಯಲ್ಲಿ ಅಕ್ಷರ ಬರುತ್ತಿದೆ ಅಂದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ಬೋರ್ಡ್, ರ್ಯಾಮ್ ಬದುಕಿವೆ. ವಿಂಡೋಸ್ ತನ್ನ ಲೋಗೋ ತೋರಿಸುತ್ತಿದೆ ಅಂದರೆ ಡಿಸ್ಕಿನಿಂದ ಸ್ವಲ್ಪ ಮಟ್ಟಿಗಾದರೂ ಓದಲು ಆಗುತ್ತಿದೆ. ಕರೆಂಟ್ ಹೋದ ಗಳಿಗೆಯಲ್ಲಿ ವಿಂಡೋಸ್ ತನ್ನದೇ ಯಾವುದೋ ಕಡತ ಬರೆಯುತ್ತಿತ್ತು, ಅರ್ಧಕ್ಕೆ ನಿಂತಿತು, ಈಗ ಅದು ಓದಲು ಬರುತ್ತಿಲ್ಲ. ಸಾಮಾನ್ಯವಾಗಿ ಆಗುವುದು ಇಷ್ಟೇ. ಹೆಬ್ಬಾಗಿಲಿನ ಬೀಗ ಜಾಮ್ ಆದರೆ ಅಟ್ಟದ ಮೇಲಿನ ಅಡಿಕೆ ಮೂಟೆಗೆ ಏನೂ ಆಗುವುದಿಲ್ಲ ಅಲ್ವಾ, ಹಾಗೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ದು ನಿಮಗೆ ನೆನಪಿರಬಹುದು, ವಿಮಾನಗಳೇ ನಿಂತಿದ್ದವು. ಒಂದೇ ಒಂದು ಸಣ್ಣ ಕಡತದ ತಪ್ಪು ಅದು. ಅದನ್ನು ಅಳಿಸಿದ ಮೇಲೆ ಯಂತ್ರ ಎದ್ದು ಕೂತಿತು, ಒಳಗಿನ ಡೇಟಾ ಹಾಗೇ ಇತ್ತು.

ಅಂಗಡಿ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿದರೆ ಯಂತ್ರ ಏಳುತ್ತದೆ, ಅವನಿಗೆ ಅದು ಒಂದು ಗಂಟೆಯ ಕೆಲಸ. ಆದರೆ ನಿಮಗೆ ಬೇಕಾದದ್ದು ಯಂತ್ರ ಅಲ್ಲ, ಪ್ರಸಂಗಗಳು. ಹಾಗಾಗಿ ಫೈಲ್ ಮೊದಲು, ರಿಪೇರಿ ಆಮೇಲೆ. ಅಂಗಡಿಗೆ ಈಗಲೇ ಕೊಡಬೇಡಿ.

ಕಿವಿಯಿಂದ ಶುರು ಮಾಡಿ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು (ನಾವೆಲ್ಲ ಆ ಡಬ್ಬಕ್ಕೇ ಸಿಪಿಯು ಅನ್ನುತ್ತೇವೆ, ಇರಲಿ) ಒಂದು ಸಲ ಮಾತ್ರ ಆನ್ ಮಾಡಿ, ಹಾರ್ಡ್ ಡಿಸ್ಕಿನ ಹತ್ತಿರ ಕಿವಿ ಇಟ್ಟು ಕೇಳಿ. ಒಂದೇ ಸಮನೆ ಸಣ್ಣ ಗುಂಯ್ ಶಬ್ದ, ನಡುನಡುವೆ ಕರಕರ ಅಂದರೆ ಅದು ಕೆಲಸ ಮಾಡುವ ಸದ್ದು, ಒಳ್ಳೆಯದು. ಟಕ್, ಟಕ್, ಟಕ್ ಅಂತ ಗಡಿಯಾರದ ಹಾಗೆ ಬಡಿಯುತ್ತಿದ್ದರೆ, ಅಥವಾ ತಿರುಗಲು ಹೋಗಿ ನಿಂತು ಮತ್ತೆ ತಿರುಗಲು ಹೋಗುತ್ತಿದ್ದರೆ, ತಕ್ಷಣ ಆಫ್ ಮಾಡಿ. ಆಮೇಲೆ ನಾನು ಹೇಳುವ ಯಾವ ಉಪಾಯವನ್ನೂ ಮಾಡಬೇಡಿ, ನೇರವಾಗಿ ಕೊನೆಯಲ್ಲಿ ಲ್ಯಾಬಿನ ಬಗ್ಗೆ ಬರೆದ ಭಾಗಕ್ಕೆ ಹೋಗಿ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ, ಓದುವ ತಲೆಗಳು ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತವೆ. ಆ ತಲೆ ಕೆಟ್ಟು ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿಗೂ ನಿಮ್ಮ ಡೇಟಾ ಅಕ್ಷರಶಃ ಪುಡಿಯಾಗಿ ಉದುರುತ್ತಿರುತ್ತದೆ. ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಹೊರಗೆ ತೆಗೆದಾಗ ಒಳಗೆ ನೀರಿನ ಹನಿ ಕಟ್ಟುತ್ತದೆ, ಅಷ್ಟೇ ಲಾಭ.

ಶಬ್ದ ಸರಿಯಾಗಿದೆ ಅಂತ ಇಟ್ಟುಕೊಳ್ಳೋಣ. ಮುಂದೆ ಹೋಗುವ ಮುಂಚೆ ಇನ್ನೊಂದು ಸಣ್ಣ ಪರೀಕ್ಷೆ. ಎಂಟು ವರ್ಷದ ಯಂತ್ರ, ರಾತ್ರಿ ಪೂರ್ತಿ ಕರೆಂಟ್ ಹೋಗಿ ಬಂದಿದೆ ಅಂದಾಗ ನನಗೆ ಮೊದಲು ಅನುಮಾನ ಬರುವುದು ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯ ಮೇಲೆ. ಸಿಆರ್2032 ಅಂತ ಅದರ ಹೆಸರು, 3 ವೋಲ್ಟ್, ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಗೋಡೆಯ ಸ್ವಿಚ್ ಆನ್ ಇರುವವರೆಗೆ ಬೋರ್ಡಿಗೆ ಅಲ್ಲಿಂದಲೇ ಸ್ವಲ್ಪ ಕರೆಂಟ್ ಸಿಗುತ್ತಿರುತ್ತದೆ, ಹಾಗಾಗಿ ಬ್ಯಾಟರಿ ಸತ್ತಿದ್ದರೂ ಗೊತ್ತಾಗುವುದಿಲ್ಲ. ಮೇನ್ ಕರೆಂಟ್ ಹೋದ ದಿನ ಬೋರ್ಡು ತನ್ನ ಸೆಟ್ಟಿಂಗ್ ಎಲ್ಲ ಮರೆತು ಫ್ಯಾಕ್ಟರಿಯಿಂದ ಬಂದ ಹಾಗೆ ಆಗಿಬಿಡುತ್ತದೆ. ಹಾಗೆ ಮರೆಯುವಾಗ ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಎಎಚ್‌ಸಿಐ, ಐಡಿಇ, ರೇಡ್ ಅಂತ ಇರುತ್ತವಲ್ಲ, ಅದು ಬದಲಾದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಗುರುತು ಸಿಗುವುದಿಲ್ಲ. ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಬಂದರೆ ಇದೂ ಒಂದು ಕಾರಣ ಇರಬಹುದು. ಪರೀಕ್ಷೆ ಸುಲಭ: ಡಿಸ್ಕಿನ ವೈರ್ ತೆಗೆದಿಟ್ಟು, ಆನ್ ಮಾಡುತ್ತಿದ್ದ ಹಾಗೆ ಡಿಲೀಟ್ ಕೀಲಿಯನ್ನು ಟಪಟಪ ಒತ್ತುತ್ತಾ ಇರಿ, ಬಯಾಸ್ ಪರದೆ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆ ಬರುತ್ತದೆ, ಅಲ್ಲಿ ದಿನಾಂಕ ನೋಡಿ. ಇವತ್ತಿನದೇ ಇದ್ದರೆ ಬ್ಯಾಟರಿ ಸರಿ. ಎಷ್ಟೋ ವರ್ಷ ಹಿಂದಿನದು ಇದ್ದರೆ ಕಳ್ಳ ಸಿಕ್ಕ ಹಾಗೆ. ಹಾಗೆ ಸಿಕ್ಕರೂ ಬ್ಯಾಟರಿ ಹಾಕಿ ವಿಂಡೋಸ್ ಎಬ್ಬಿಸುವ ಆತುರ ಬೇಡ, ಫೈಲ್ ತೆಗೆದ ಮೇಲೆ ನೋಡೋಣ. ನೋಡಿ ಆದ ಮೇಲೆ ಪ್ಲಗ್ ಕಿತ್ತು ವೈರ್ ಮೊದಲಿನ ಹಾಗೆ ಸಿಕ್ಕಿಸಿ.

ಈಗ ಫೈಲ್ ತೆಗೆಯುವ ದಾರಿಗಳು. ಮೊದಲನೆಯದಕ್ಕೆ ಏನೂ ಕೊಳ್ಳಬೇಕಿಲ್ಲ, ಡೌನ್‌ಲೋಡ್ ಕೂಡ ಬೇಡ. ಒಂದು ದೊಡ್ಡ ಪೆನ್ ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಸಾಕು. ನಾನು ಇದನ್ನು ನೋಟ್‌ಪ್ಯಾಡ್ ಉಪಾಯ ಅನ್ನುತ್ತೇನೆ, ರಿಪೇರಿಯವರಿಗೆಲ್ಲ ಗೊತ್ತಿರುವುದೇ, ಆದರೆ ಗಿರಾಕಿಗೆ ಯಾರೂ ಹೇಳುವುದಿಲ್ಲ.

ಆಟೊಮ್ಯಾಟಿಕ್ ರಿಪೇರ್ ಸೋತ ಮೇಲೆ ಸಾಮಾನ್ಯವಾಗಿ ಒಂದು ನೀಲಿ ಪರದೆಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಅಂತ ಗುಂಡಿ ಬರುತ್ತದೆ. ಪೆನ್ ಡ್ರೈವ್ ಮೊದಲೇ ಸಿಕ್ಕಿಸಿಟ್ಟಿರಿ. ಆ ಗುಂಡಿ ಒತ್ತಿ, 'ಟ್ರಬಲ್‌ಶೂಟ್' ಒಳಗೆ ಹೋಗಿ, ಮತ್ತೆ 'ಅಡ್ವಾನ್ಸ್ಡ್ ಆಪ್ಷನ್ಸ್', ಅಲ್ಲಿ 'ಕಮಾಂಡ್ ಪ್ರಾಂಪ್ಟ್'. ನಿಮ್ಮ ಹೆಸರು ಆರಿಸಿ ಪಾಸ್‌ವರ್ಡ್ ಕೇಳಬಹುದು, ಕೊಡಿ. ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಬರುತ್ತದೆ! ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ. ಕೆಳಗೆ 'ಟೆಕ್ಸ್ಟ್ ಡಾಕ್ಯುಮೆಂಟ್ಸ್' ಅಂತ ಇರುವುದನ್ನು 'ಆಲ್ ಫೈಲ್ಸ್' ಮಾಡಿ, ಇಲ್ಲದಿದ್ದರೆ ಫೋಟೋಗಳು ಕಾಣಿಸುವುದೇ ಇಲ್ಲ, ಜನ ಗಾಬರಿಯಾಗುವುದು ಇಲ್ಲೇ. ಈಗ ಆ ಓಪನ್ ಕಿಟಕಿಯೇ ನಿಮ್ಮ ಎಕ್ಸ್‌ಪ್ಲೋರರ್. ಎಡಗಡೆ 'ದಿಸ್ ಪಿಸಿ' ಒತ್ತಿ, ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ, ಪೆನ್ ಡ್ರೈವಿಗೆ ಹೋಗಿ ಪೇಸ್ಟ್.

ಇಲ್ಲಿ ನಾಲ್ಕು ತಕರಾರು ಬರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಡ್ರೈವ್ ಅಕ್ಷರಗಳು ಅದಲು ಬದಲಾಗಿರುತ್ತವೆ. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಥವಾ ಇ ಅಂತ ಕಾಣಬಹುದು, ಅಕ್ಷರ ನೋಡಬೇಡಿ, ಒಳಗೆ 'ಯೂಸರ್ಸ್' ಫೋಲ್ಡರ್ ಎಲ್ಲಿದೆ ನೋಡಿ. ಆದರೆ ಎಕ್ಸ್ ಅಂತ ಒಂದು ಡ್ರೈವ್ ಇರುತ್ತದೆ, ಅಲ್ಲೂ ಯೂಸರ್ಸ್ ಇರುತ್ತದೆ. ಅದು ರ್ಯಾಮಿನಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದು, ಅಲ್ಲಿಗೆ ಏನಾದರೂ ಕಾಪಿ ಮಾಡಿದರೆ ಆಫ್ ಮಾಡಿದ ಕೂಡಲೇ ಮಾಯ. ಮೂರನೆಯದು, ದೊಡ್ಡ ಫೋಲ್ಡರ್ ಪೇಸ್ಟ್ ಮಾಡಿದಾಗ ಎಷ್ಟು ಆಯಿತು ಅಂತ ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಸ್ತಬ್ಧವಾಗಿ ನಿಂತ ಹಾಗೆ ಇರುತ್ತದೆ. ನಿಂತಿಲ್ಲ, ಕೆಲಸ ಮಾಡುತ್ತಿದೆ. ಕಾಫಿ ಕುಡಿದು ಬನ್ನಿ, ಬೇಕಾದರೆ ಊಟವನ್ನೂ ಮುಗಿಸಿ ಬನ್ನಿ. ಕೊನೆಯದು, ಪೆನ್ ಡ್ರೈವ್ ಎಫ್‌ಎಟಿ32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದಕ್ಕೆ ಹೋಗುವುದಿಲ್ಲ, ಮದುವೆಯ ವಿಡಿಯೋ ಅಲ್ಲೇ ಸಿಕ್ಕಿಬೀಳುತ್ತದೆ. ಮಗನ ಲ್ಯಾಪ್‌ಟಾಪಿನಲ್ಲಿ ಪೆನ್ ಡ್ರೈವನ್ನು ಮೊದಲೇ ಈ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ರೀತಿಗೆ ಫಾರ್ಮ್ಯಾಟ್ ಮಾಡಿಕೊಂಡು ಬನ್ನಿ. ಹಾಂ, ಕಾಪಿ ಮಾಡಿ, ಕಟ್ ಮಾಡಬೇಡಿ. ಮಧ್ಯದಲ್ಲಿ ಮತ್ತೆ ಕರೆಂಟ್ ಹೋದರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಆಗುತ್ತದೆ.

ಪ್ರಸಂಗಗಳಂಥ ಸಣ್ಣ ಫೈಲ್‌ಗಳಿಗೆ ಈ ಉಪಾಯ ಸಾಕು. ಸಾವಿರಾರು ಫೋಟೋಗಳಿಗೆ ಇದು ಗೋಳು. ಅಡ್ವಾನ್ಸ್ಡ್ ಆಪ್ಷನ್ಸ್ ಪರದೆಯೇ ಬಾರದೆ ಬರೀ ಸುತ್ತುತ್ತಿದ್ದರಂತೂ ಇದು ಆಗುವುದೇ ಇಲ್ಲ. ಆಗ ಎರಡನೆಯ ದಾರಿ, ನಿಜ ಹೇಳಬೇಕೆಂದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ನೇರ ಇದನ್ನೇ ಮಾಡುತ್ತಿದ್ದೆ: ಡಿಸ್ಕ್ ಬಿಚ್ಚಿ ಮಗನ ಲ್ಯಾಪ್‌ಟಾಪಿಗೆ ಹಾಕುವುದು.

ಸಾಟಾದಿಂದ (ಡಿಸ್ಕಿಗೆ ವೈರ್ ಸಿಕ್ಕಿಸುವ ಜಾಗದ ಹೆಸರು ಅದು) ಯುಎಸ್‌ಬಿಗೆ ಹೋಗುವ ಕನ್ವರ್ಟರ್ ಕೇಬಲ್ ಅಂತ ಸಿಗುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹೋಗಿ ಕೇಳಿದರೆ ಅಂಗಡಿಗೊಂದು ರಾಶಿ ಹಾಕಿಕೊಂಡಿರುತ್ತಾರೆ, ಮಗನಿಗೆ ಹೇಳಿದರೆ ಕೊರಿಯರ್ ಮಾಡುತ್ತಾನೆ. ಆದರೆ ಅವನಿಗೆ ಸರಿಯಾಗಿ ಹೇಳಿ. ಡೆಸ್ಕ್‌ಟಾಪಿನ ಡಿಸ್ಕ್ 3.5 ಇಂಚಿನದು, ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿ ಅಷ್ಟು ಕೊಡುವುದಿಲ್ಲ. ಹಾಗಾಗಿ ಜೊತೆಗೆ ಗೋಡೆಗೆ ಸಿಕ್ಕಿಸುವ ಅಡಾಪ್ಟರ್ ಇರುವ ಕನ್ವರ್ಟರೇ ಬೇಕು. ಅಗ್ಗದ ಬರೀ ಕೇಬಲ್ ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ ಮಾತ್ರ. ಇದು ಗೊತ್ತಿಲ್ಲದೆ ಚಿಕ್ಕ ಕೇಬಲ್ ತಂದು, ಡಿಸ್ಕ್ ತಿರುಗದೇ ಇದ್ದಾಗ 'ಅಯ್ಯೋ ಸತ್ತೇಹೋಯ್ತು' ಅಂತ ಅತ್ತವರನ್ನು ನಾನೇ ನೋಡಿದ್ದೇನೆ.

ಬಿಚ್ಚುವ ಕೆಲಸಕ್ಕೆ ಹೆದರಬೇಡಿ. ಪ್ಲಗ್ ಕಿತ್ತಿರಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗುತ್ತದೆ. ಡಿಸ್ಕಿಗೆ ಎರಡು ವೈರ್ ಇರುತ್ತವೆ, ಅಗಲದ್ದು ಪವರ್, ಕಿರಿದಾದದ್ದು ಡೇಟಾ. ಎರಡನ್ನೂ ನೇರವಾಗಿ ಎಳೆಯಿರಿ, ತಿರುಚಬೇಡಿ. ಪಕ್ಕದಲ್ಲಿ ನಾಲ್ಕು ಸ್ಕ್ರೂ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ, ತಿರುಗಿ ಹಾಕುವಾಗ ಬೇಕಾಗುತ್ತದೆ. ಡಿಸ್ಕಿನ ಮೈಮೇಲಿರುವ ನಕ್ಷತ್ರದಾಕಾರದ ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ, ಅದನ್ನು ಬಿಚ್ಚಿದರೆ ಮನೆಯ ಧೂಳೇ ಅದರ ಕಥೆ ಮುಗಿಸುತ್ತದೆ.

ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಎರಡು ಮೂರು ಡ್ರೈವ್‌ಗಳು ಒಟ್ಟಿಗೆ ತೆರೆದುಕೊಳ್ಳಬಹುದು. ಯಾವುದಾದರೂ ಒಂದಕ್ಕೆ 'ಈ ಡಿಸ್ಕ್ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು' ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಕ್ಯಾನ್ಸಲ್ ಒತ್ತಿ. ಎಷ್ಟು ಸಲ ಕೇಳಿದರೂ ಕ್ಯಾನ್ಸಲ್. 'ಸ್ಕ್ಯಾನ್ ಅಂಡ್ ಫಿಕ್ಸ್' ಅಂತ ಕೇಳಿದರೂ ಬೇಡ ಅನ್ನಿ. ನಿಮ್ಮ ಹೆಸರಿನ ಫೋಲ್ಡರ್ ತೆರೆಯಲು ಹೋದಾಗ 'ನಿಮಗೆ ಅನುಮತಿ ಇಲ್ಲ' ಅಂತ ಬರುತ್ತದೆ, ಅದು ಮಾತ್ರ ಗಾಬರಿಯ ವಿಷಯ ಅಲ್ಲ, 'ಕಂಟಿನ್ಯೂ' ಒತ್ತಿ ಕಾಯಿರಿ. ಹಳೆಯ ವಿಂಡೋಸ್‌ನಲ್ಲಿ ಆ ಫೋಲ್ಡರ್ ನಿಮ್ಮ ಹೆಸರಲ್ಲಿತ್ತು, ಈ ವಿಂಡೋಸ್‌ಗೆ ನಿಮ್ಮ ಪರಿಚಯ ಇಲ್ಲ, ಅಷ್ಟೇ.

ಮೂರನೆಯ ದಾರಿ ಲಿನಕ್ಸ್ ಪೆನ್ ಡ್ರೈವ್, ಅಂದರೆ ವಿಂಡೋಸ್ ಬದಲು ಯಂತ್ರ ನಡೆಸುವ ಇನ್ನೊಂದು ವ್ಯವಸ್ಥೆಯನ್ನು ಪೆನ್ ಡ್ರೈವಿನಿಂದಲೇ ಎಬ್ಬಿಸುವುದು. ಕನ್ವರ್ಟರ್ ಸಿಗದವರಿಗೆ, ಡಿಸ್ಕ್ ಬಿಚ್ಚಲು ಆಗದ ಲ್ಯಾಪ್‌ಟಾಪಿನವರಿಗೆ ಇದೇ ಗತಿ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಬೇರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಉಚಿತವಾಗಿ ಇಳಿಸಿಕೊಂಡು ರೂಫಸ್ ಎಂಬ ಸಣ್ಣ ತಂತ್ರಾಂಶದಿಂದ ಖಾಲಿ ಪೆನ್ ಡ್ರೈವಿಗೆ ಬರೆಯಿರಿ. ಕೆಟ್ಟ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಉಬುಂಟು ಕೇಳಿದಾಗ 'ಟ್ರೈ' ಅನ್ನಿ, 'ಇನ್‌ಸ್ಟಾಲ್' ಅನ್ನಬೇಡಿ. ಇನ್‌ಸ್ಟಾಲ್ ಅಂದರೆ ನಿಮ್ಮ ವಿಂಡೋಸ್ ಮೇಲೆಯೇ ಕೂರುವ ಅಪಾಯ ಇದೆ. ವಿಂಡೋಸ್ ಸರಿಯಾಗಿ ಮುಚ್ಚಿರದಿದ್ದರೆ ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ಅಂತ ತೆರೆಯಬಹುದು, ಬರೆಯಲು ಬಿಡುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಇನ್ನು ಯಾವುದನ್ನು ಕಾಪಿ ಮಾಡಬೇಕು. ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಪೂರ್ತಿ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅದರಲ್ಲೇ. ಡೆಸ್ಕ್‌ಟಾಪ್ ಮರೆಯಬೇಡಿ, ನಮ್ಮ ಜನ ಅರ್ಧ ಸಂಸಾರವನ್ನು ಅಲ್ಲೇ ಇಟ್ಟಿರುತ್ತಾರೆ. ಟ್ಯಾಲಿ ಲೆಕ್ಕ ಅಲ್ಲಿರುವುದಿಲ್ಲ. ಹಳೆಯ ಟ್ಯಾಲಿ ಇಆರ್‌ಪಿ 9 ಆದರೆ ಸಿ ಡ್ರೈವಿನಲ್ಲಿ ಟ್ಯಾಲಿ ಹೆಸರಿನದೇ ಫೋಲ್ಡರ್, ಅದರೊಳಗೆ 'ಡೇಟಾ'. ಟ್ಯಾಲಿ ಪ್ರೈಮ್ ಆದರೆ ಯೂಸರ್ಸ್ ಒಳಗೆ 'ಪಬ್ಲಿಕ್' ಅಂತ ಇದೆಯಲ್ಲ, ಅಲ್ಲಿ ಹುಡುಕಿ. ಒಳಗೆ ಸೊಸೈಟಿಯ ಹೆಸರು ಇರುವುದಿಲ್ಲ, 10000 ಥರದ ಬರೀ ಅಂಕಿಯ ಫೋಲ್ಡರ್‌ಗಳಿರುತ್ತವೆ, ಅವೇ ನಿಮ್ಮ ಲೆಕ್ಕ. ಒಂದನ್ನೂ ಬಿಡದೆ 'ಡೇಟಾ' ಫೋಲ್ಡರ್ ಇಡಿಯಾಗಿ ತೆಗೆದುಕೊಳ್ಳಿ.

ಡಿ ಡ್ರೈವ್ ಬಗ್ಗೆ ಒಂದು ಮಾತು. ಮುಖ್ಯವಾದದ್ದನ್ನು ಡಿಯಲ್ಲಿಟ್ಟರೆ ಸೇಫ್ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅರ್ಧ ಸತ್ಯ ಅದು. ಸಿ ಮಾತ್ರ ಫಾರ್ಮ್ಯಾಟ್ ಹೊಡೆದರೆ ಡಿ ಉಳಿಯುತ್ತದೆ, ಸರಿ. ಆದರೆ ಹೆಚ್ಚಿನ ಮನೆಗಳಲ್ಲಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಆತುರದ ಹುಡುಗನೊಬ್ಬ ವಿಂಡೋಸ್ ಹಾಕುವಾಗ ಪಾರ್ಟಿಷನ್ ಎಲ್ಲ ಅಳಿಸಿದರೂ ಎರಡೂ ಹೋಗುತ್ತವೆ.

ಈಗ ನಿಮ್ಮ ಪ್ರಸಂಗಗಳ ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಫೈಲ್ ಕಾಪಿ ಆಗಿ, ಮಗನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಕೊಂಬು, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು ಕಾಣಿಸಿದರೆ ಎದೆ ಒಡೆದುಕೊಳ್ಳಬೇಡಿ. ಫೈಲ್ ಹಾಳಾಗಿಲ್ಲ. ನುಡಿಯಲ್ಲಾಗಲಿ, ಬರಹ ಎಂಬ ತಂತ್ರಾಂಶದಲ್ಲಾಗಲಿ ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ರೀತಿಯಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ನಿಜವಾಗಿ ಇರುವುದು ಆ ವಿಚಿತ್ರ ಗುರುತುಗಳೇ; ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್. ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. 'ನ' ಅಕ್ಷರ ಪೌಂಡಿನ ಗುರುತಾಗಿ ಕಾಣುವುದು ನುಡಿ ಫಾಂಟಿನ ಖಾಸಾ ಲಕ್ಷಣ. ಹಾಗಾಗಿ ಹಳೆಯ ಡಿಸ್ಕಿನಲ್ಲಿ ವಿಂಡೋಸ್ ಫೋಲ್ಡರಿನೊಳಗೆ 'ಫಾಂಟ್ಸ್' ಅಂತ ಇರುತ್ತದೆ, ಅಲ್ಲಿಂದ ನುಡಿ ಅಂತ ಶುರುವಾಗುವ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ, ಬರಹ ಬಳಸಿದ್ದರೆ ಬಿಆರ್‌ಎಚ್ ಅಂತ ಶುರುವಾಗುವವನ್ನು. ಅವನ್ನು ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಪ್ರಸಂಗ ಮತ್ತೆ ಕನ್ನಡವಾಗಿ ಎದ್ದು ನಿಲ್ಲುತ್ತದೆ. ಇಷ್ಟು ತಿಳಿಯದೆ, ಫೈಲ್ ಕರಪ್ಟ್ ಆಗಿದೆ ಅಂದುಕೊಂಡು ಅಜ್ಜನ ಆತ್ಮಕಥೆಯನ್ನೇ ಅಳಿಸಿಹಾಕಿದ ಒಂದು ಮನೆ ನನಗೆ ಗೊತ್ತು. ಎಲ್ಲ ಆರಾಮಾದ ಮೇಲೆ ಒಂದು ದಿನ ಕೂತು ಯುನಿಕೋಡಿಗೆ ಪರಿವರ್ತಿಸಿಬಿಡಿ, ಅದಕ್ಕೆ ಉಚಿತ ಕನ್ವರ್ಟರ್‌ಗಳಿವೆ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪಬಹುದು, ಭಾಮಿನಿ, ವಾರ್ಧಕ ಷಟ್ಪದಿಗಳನ್ನು ಒಮ್ಮೆ ಓದಿ ತಿದ್ದಿಕೊಳ್ಳಬೇಕಾಗುತ್ತದೆ. ಅದು ನಿಮಗೆ ಹೇಳಿಕೊಡಬೇಕೇ.

ಕಾಪಿ ಮಾಡುವಾಗ ಡಿಸ್ಕ್ ನಡುನಡುವೆ ನಿಂತು ನಿಂತು ಓದುತ್ತಿದ್ದರೆ, ಕೆಲವು ಫೈಲ್‌ಗೆ ಎರರ್ ಬರುತ್ತಿದ್ದರೆ, ಅದಕ್ಕೆ ಬ್ಯಾಡ್ ಸೆಕ್ಟರ್ ಬಂದಿದೆ, ಅಂದರೆ ಅಲ್ಲಲ್ಲಿ ಓದಲು ಬಾರದ ಜಾಗಗಳಾಗಿವೆ ಅಂತ ಅರ್ಥ. ಆಗ ಕ್ರಮ ಬದಲಾಯಿಸಿ. ಇಡೀ ಫೋಲ್ಡರ್ ಎಳೆಯಬೇಡಿ. ಪ್ರಸಂಗಗಳು ಮೊದಲು, ಅವು ಗಾತ್ರದಲ್ಲಿ ಏನೂ ಅಲ್ಲ. ಆಮೇಲೆ ಟ್ಯಾಲಿ. ಆಮೇಲೆ ಫೋಟೋ. ವಿಡಿಯೋ ಕೊನೆಗೆ, ಮದುವೆಯ ಫೋಟೋಗ್ರಾಫರ್ ಹತ್ತಿರ ಒಂದು ಪ್ರತಿ ಇದ್ದರೂ ಇರಬಹುದು, ಒಮ್ಮೆ ಫೋನ್ ಮಾಡಿ. ಎರರ್ ಕೊಟ್ಟ ಫೈಲನ್ನು ಬಿಟ್ಟು ಮುಂದೆ ಹೋಗಿ, ಅದರ ಹಿಂದೆ ಬೀಳಬೇಡಿ. ಪರಿಚಯದಲ್ಲಿ ಲಿನಕ್ಸ್ ಬಲ್ಲವರಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂ ಅಂತ ಒಂದು ಉಚಿತ ತಂತ್ರಾಂಶ ಇದೆ ಅನ್ನಿ. ಅದು ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ಕಷ್ಟದ ಜಾಗಗಳಿಗೆ ಆಮೇಲೆ ಕೈ ಹಾಕುತ್ತದೆ, ಎಲ್ಲಿಗೆ ನಿಂತೆ ಅಂತ ಬರೆದಿಟ್ಟುಕೊಳ್ಳುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ಒಳ್ಳೆಯ ಉಚಿತ ಸಾಧನ ನನಗೆ ಗೊತ್ತಿಲ್ಲ. ಆದರೆ ಯಾವುದರಿಂದ ಯಾವುದಕ್ಕೆ ಅನ್ನುವುದು ಅದಲು ಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಡಿಸ್ಕಿನ ಮೇಲೆ ಕೂರುತ್ತದೆ. ಹಾಗಾಗಿ ಬಲ್ಲವರೇ ಮಾಡಲಿ.

ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಸಾಧನ ಚೆಕ್‌ಡಿಸ್ಕ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದನ್ನು ಓಡಿಸಿ ಸರಿಯಾಗುತ್ತದೆ ಅಂತ. ನಾನೂ ಹೊಸದರಲ್ಲಿ ಹಾಗೇ ನಂಬಿದ್ದೆ. ಸ್ನೇಹಿತನ ಮನೆಯಲ್ಲಿ ಏಳದ ಕಂಪ್ಯೂಟರಿಗೆ ರಾತ್ರಿ ಚೆಕ್‌ಡಿಸ್ಕ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅವನ ಫೋಲ್ಡರ್‌ಗಳು ಹೋಗಿ, ಹೆಸರಿಲ್ಲದ ಸಾವಿರಾರು ತುಂಡು ಫೈಲ್‌ಗಳು, ಬರೀ ನಂಬರ್ ಹಾಕಿಕೊಂಡು ಒಂದೇ ಕಡೆ ಬಿದ್ದಿದ್ದವು. ಚೆಕ್‌ಡಿಸ್ಕಿನ ಕೆಲಸ ಡಿಸ್ಕಿನ ಕ್ಯಾಟಲಾಗನ್ನು ಸರಿ ಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಕ್ಯಾಟಲಾಗಿಗೆ ಹೊಂದದ ಫೈಲನ್ನು ಅದು ತಯಕ್ಕನೆ ಕತ್ತರಿಸಿಬಿಡುತ್ತದೆ. ಪ್ರತಿ ತೆಗೆದಿಟ್ಟುಕೊಂಡ ಮೇಲೆ ಎಷ್ಟು ಬೇಕಾದರೂ ಓಡಿಸಿ. ಆ ಸ್ನೇಹಿತ ಈಗಲೂ ಸಿಕ್ಕಾಗ ಅದನ್ನೇ ಎತ್ತುತ್ತಾನೆ.

ಒಂದು ವೇಳೆ ಯಾರೋ ಆಗಲೇ ಕ್ವಿಕ್ ಫಾರ್ಮ್ಯಾಟ್ ಹೊಡೆದಿದ್ದರೂ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಪೂರ್ತಿ ಕೈ ಬಿಡಬೇಕಿಲ್ಲ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ಜೋಡಿ ತಂತ್ರಾಂಶಗಳಿವೆ. ಫೋಟೋರೆಕ್ ಫೈಲಿನ ಗುಣಲಕ್ಷಣ ನೋಡಿ ಹೆಕ್ಕುತ್ತದೆ, ಹೆಸರು ಮಾತ್ರ ಹೋಗಿರುತ್ತದೆ. ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಹೊಸ ಬಗೆಯ ಡಿಸ್ಕ್, ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ವ್ಯವಸ್ಥೆಯಿಂದ ತಾನೇ ಖಾಲಿ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿ ಟಕ್ ಟಕ್ ಅಂತ ಮುನ್ಸೂಚನೆಯನ್ನೂ ಕೊಡುವುದಿಲ್ಲ, ಸಂಜೆ ಇತ್ತು, ಬೆಳಿಗ್ಗೆ ಇಲ್ಲ.

ಹೊಸ ಲ್ಯಾಪ್‌ಟಾಪಿನವರಿಗೆ ಇನ್ನೊಂದು ಬೀಗ ಇದೆ, ಬಿಟ್‌ಲಾಕರ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಎಷ್ಟೋ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿರುತ್ತದೆ, ಮಾಲೀಕರಿಗೆ ಗೊತ್ತೂ ಇರುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೊಬೈಲಿನಿಂದ ಅದೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಸಾಧನಗಳ ಪುಟದಲ್ಲಿ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಯಾವ ಲ್ಯಾಬಿನವರೂ ಅದನ್ನು ಒಡೆದು ಕೊಡಲಾರರು. ಮಗನ ಲ್ಯಾಪ್‌ಟಾಪಿಗೆ ಈ ಕೀ ಇವತ್ತೇ ಬರೆದಿಟ್ಟುಕೊಳ್ಳಲು ಹೇಳಿ. ನಿಮ್ಮ ಅಸೆಂಬಲ್ಡ್ ಯಂತ್ರದಲ್ಲಿ ನೀವಾಗಿ ಹಾಕಿಸಿರದಿದ್ದರೆ ಬಹುಶಃ ಇದರ ಕಾಟ ಇಲ್ಲ.

ಲ್ಯಾಬಿನ ವಿಷಯ. ಟಕ್ ಟಕ್ ಶಬ್ದ ಬಂದಿದ್ದರೆ, ಡಿಸ್ಕ್ ತಿರುಗುತ್ತಲೇ ಇಲ್ಲದಿದ್ದರೆ, ಡೇಟಾ ರಿಕವರಿಯನ್ನೇ ಕಸುಬು ಮಾಡಿಕೊಂಡವರ ಹತ್ತಿರ ಹೋಗಬೇಕು, ಧೂಳಿಲ್ಲದ ಕೋಣೆಯಲ್ಲಿ ತೆರೆಯುವವರ ಹತ್ತಿರ. ಸಾವಿರಗಳಲ್ಲಿ ಖರ್ಚು ಬರುತ್ತದೆ, ಅಗ್ಗ ಅಲ್ಲ. ಮೂರು ಪ್ರಶ್ನೆ ಕೇಳಿ: ಪರೀಕ್ಷೆಗೆ ಎಷ್ಟು, ಸಿಗದಿದ್ದರೆ ದುಡ್ಡು ಕೊಡಬೇಕಾ, ಸಿಕ್ಕ ಫೈಲಿನ ಪಟ್ಟಿ ತೋರಿಸಿ ಆಮೇಲೆ ಬಿಲ್ ಮಾಡುತ್ತೀರಾ. 'ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಹಸಿರು ಬೋರ್ಡ್ ತೆಗೆದು ಹಾಕಿದರೆ ಆಯ್ತು' ಅನ್ನುವವರಿಂದ ದೂರ ಇರಿ. ಬಹಳ ಹಳೆಯ ಡಿಸ್ಕ್‌ಗಳಲ್ಲಿ ನಡೆಯುತ್ತಿತ್ತು. ಈಗಿನವುಗಳಲ್ಲಿ ಆ ಡಿಸ್ಕಿಗೇ ಹೊಂದಿಸಿದ ಅಳತೆಗಳು ಬೋರ್ಡಿನ ಚಿಪ್‌ನಲ್ಲಿರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸದೆ ಬೋರ್ಡ್ ಬದಲಿಸಿದರೆ ಪ್ರಯೋಜನ ಇಲ್ಲ.

ಫೈಲ್ ಎಲ್ಲ ಲ್ಯಾಪ್‌ಟಾಪಿಗೆ ಬಂತು ಅಂದುಕೊಳ್ಳಿ. ಆಗಲೂ ಹಳೆಯ ಡಿಸ್ಕ್ ಫಾರ್ಮ್ಯಾಟ್ ಬೇಡ. ಒಂದು ಸಣ್ಣ ಹೊಸ ಎಸ್‌ಎಸ್‌ಡಿ ಕೊಂಡು ವಿಂಡೋಸ್ ಅದರ ಮೇಲೆ ಹಾಕಿಸಿ. ಹಾಕುವಾಗ ಹಳೆಯ ಡಿಸ್ಕಿನ ವೈರ್ ಕಳಚಿರಲಿ, ಆಗ ತಪ್ಪಿ ಅಳಿಸುವ ಪ್ರಶ್ನೆಯೇ ಇಲ್ಲ. ಎಂಟು ವರ್ಷದ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದರೆ ಅದು ಓಡುವ ವೇಗ ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿತು. ನಿಮ್ಮ ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯದಾದರೆ ವಿಂಡೋಸ್ 11 ಅಧಿಕೃತವಾಗಿ ಹಿಡಿಸುವುದಿಲ್ಲ. ಅದನ್ನು ಅಂಗಡಿಯವನನ್ನು ಕೇಳಿ ತೀರ್ಮಾನಿಸಿ. ಬ್ಯಾಟರಿ ಹೊಸದು ಹಾಕಿಸಿ, ಒಂದು ಯುಪಿಎಸ್ ಕೂಡ; ನಿಮ್ಮ ಕಡೆಯ ಮಳೆಗಾಲ ನನಗೆ ಗೊತ್ತು, ಗುಡುಗಿನ ಹೊತ್ತಿಗೆ ಯುಪಿಎಸ್ ಇದ್ದರೂ ಪ್ಲಗ್ ಕೀಳುವುದೇ ಸರಿ.

ಹಳೆಯ ಡಿಸ್ಕನ್ನು ಒಂದು ಡಬ್ಬದಲ್ಲಿಟ್ಟು ಮೇಲೆ ದಿನಾಂಕ ಬರೆದು ಬೀರುವಿನಲ್ಲಿಡಿ. ಪ್ರಸಂಗಗಳನ್ನು ಒಂದೊಂದಾಗಿ ತೆರೆದು, ಮಂಗಳದ ಪದ್ಯದವರೆಗೂ ಇದೆಯಾ ಅಂತ ನೋಡಿಕೊಂಡು, ಒಂದು ಪ್ರತಿ ಮಗನಿಗೆ ಈಮೇಲ್ ಮಾಡಿ. ಬಯಾಸ್‌ನಲ್ಲಿ ದಿನಾಂಕ ಏನಿತ್ತು ಅಂತ ನನಗೆ ಒಂದು ಸಾಲು ಬರೆಯಿರಿ. ಆ ಬ್ಯಾಟರಿಯೇ ಇರಬೇಕು ಅಂತ ನನ್ನ ಅನುಮಾನ.